ವೂಂಡೆಡ್ ನೀ: ಅದು ಯುದ್ಧವಲ್ಲ, ಹತ್ಯಾಕಾಂಡ

1890ರ ಡಿಸೆಂಬರ್ 29ರಂದು ಅಮೆರಿಕದ ದಕ್ಷಿಣ ಡಕೋಟಾದ ವೂಂಡೆಡ್ ನೀ ಹಳ್ಳದ ಬಳಿ "ಯುದ್ಧ" ನಡೆಯಿತು, ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರು ಯುದ್ಧನೃತ್ಯ ಮಾಡಿ ಸೈನ್ಯದ ಮೇಲೆ ಬಿದ್ದರು ಎಂಬ ಬರಹವೊಂದು ಹರಿದಾಡುತ್ತಿದೆ. ಇದು ತಪ್ಪು.

ಆ ನೃತ್ಯದ ಹೆಸರು ಘೋಸ್ಟ್ ಡಾನ್ಸ್. ಅದನ್ನು ಕಲಿಸಿದ ಪೈಯೂಟ್ ಜನಾಂಗದ ವೊವೋಕಾ ಹೇಳಿದ್ದು ಜಗಳವಾಡಬೇಡಿ ಅಂತಲೇ. ಸತ್ತ ಬಂಧುಗಳು, ಕಾಡೆಮ್ಮೆಗಳು ಮರಳಿ ಬರುತ್ತವೆ ಎಂಬ ಆಸೆ ಅದರಲ್ಲಿತ್ತು. ಹಸಿದವರಿಗೆ ಅಂಥ ಆಸೆ ಹಿಡಿಸುವುದು ಸಹಜ ಅಲ್ವಾ? 1889ರಲ್ಲಿ ಸರ್ಕಾರ ಲಕೋಟಾ ಜನರ ನೆಲವನ್ನು ತುಂಡು ಮಾಡಿತ್ತು, ಪಡಿತರ ಕಡಿತ ಮಾಡಿತ್ತು. ಮೇಲೆ ಬರಗಾಲ ಬೇರೆ. 1890ರ ಡಿಸೆಂಬರ್ 15ರಂದು ಲಕೋಟಾ ನಾಯಕ ಸಿಟ್ಟಿಂಗ್ ಬುಲ್ ಬಂಧನದ ವೇಳೆ ಕೊಲೆಯಾದ ಮೇಲೆ ಭಯ ಇನ್ನೂ ಜಾಸ್ತಿಯಾಯಿತು.

ಲಕೋಟಾಗಳ ಇನ್ನೊಬ್ಬ ಮುಖಂಡ ಸ್ಪಾಟೆಡ್ ಎಲ್ಕ್‌ಗೆ ನ್ಯುಮೋನಿಯಾ. ಸುಮಾರು 350 ಜನರೊಂದಿಗೆ ಹೊರಟಿದ್ದ ಅವನು ಬಿಳಿ ಬಾವುಟ ಹಿಡಿದು ಆಗಲೇ ಶರಣಾಗಿದ್ದ. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಸುತ್ತಲೂ ಏಳನೇ ಅಶ್ವದಳದ ಸುಮಾರು 500 ಸೈನಿಕರು, ಗುಡ್ಡದ ಮೇಲೆ ನಾಲ್ಕು ಹಾಚ್‌ಕಿಸ್ ಫಿರಂಗಿಗಳು. ಆಯುಧ ಕಿತ್ತುಕೊಳ್ಳುವಾಗ ಒಂದು ಗುಂಡು ಹಾರಿತು. ಆಮೇಲೆ ಫಿರಂಗಿಗಳು ಡೇರೆಗಳ ಮೇಲೆಯೇ ಬೆಂಕಿ ಸುರಿದವು. ಓಡಿದ ಹೆಂಗಸರನ್ನೂ ಬೆನ್ನಟ್ಟಿ ಕೊಂದರು.

25 ಸೈನಿಕರು ಸತ್ತದ್ದನ್ನೇ ಯುದ್ಧಕ್ಕೆ ಸಾಕ್ಷಿ ಎನ್ನುತ್ತಾರೆ. ಅವರಲ್ಲಿ ಹಲವರಿಗೆ ತಗುಲಿದ್ದು ತಮ್ಮವರದೇ ಗುಂಡು ಎಂದು ನಂಬಲಾಗಿದೆ.

ಹಿಮಗಾಳಿ ನಿಂತ ಮೇಲೆ 146 ಹೆಣಗಳನ್ನು ಒಂದೇ ಗುಂಡಿಗೆ ಹಾಕಿದರು. ಸತ್ತವರು ಅದಕ್ಕಿಂತ ಹೆಚ್ಚು. ಹೆಪ್ಪುಗಟ್ಟಿದ ತಾಯಿಯ ದೇಹದ ಕೆಳಗೆ ನಾಲ್ಕು ದಿನದ ನಂತರ ಹೆಣ್ಣುಕೂಸೊಂದು ಜೀವಂತವಾಗಿ ಸಿಕ್ಕಿತು.