ದಿನಕ್ಕೆ 12 ಅಪ್ಪುಗೆ: ಇದು ವಿಜ್ಞಾನ ಹೇಳಿದ ಲೆಕ್ಕವಲ್ಲ

‘ಬದುಕಿ ಉಳಿಯಲು ದಿನಕ್ಕೆ 4 ಅಪ್ಪುಗೆ, ನೆಮ್ಮದಿಗೆ 8, ಬೆಳವಣಿಗೆಗೆ 12, ಅಪ್ಪಿಕೊಳ್ಳದ ಸಂಗಾತಿಗೆ ಪ್ರೀತಿಯೇ ಇಲ್ಲ ಎಂದು ವಿಜ್ಞಾನ ಸಾಬೀತುಪಡಿಸಿದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. 4, 8, 12ರ ಲೆಕ್ಕ ಅಮೆರಿಕದ ಕುಟುಂಬ ಚಿಕಿತ್ಸಕಿ ವರ್ಜೀನಿಯಾ ಸಟೀರ್ (1916–1988) ಅವರ ಹೆಸರಿನಲ್ಲಿ ಬಳಕೆಯಲ್ಲಿರುವ ಮಾತು. ಪ್ರಯೋಗದಲ್ಲಿ ಅಳೆದು ತೆಗೆದ ಅಂಕಿಯಲ್ಲ. ಪ್ರೀತಿಯೇ ಇಲ್ಲ ಎಂಬುದಂತೂ ಯಾರೋ ಅಂಟಿಸಿದ ಬಾಲಂಗೋಚಿ.

ಮನಸ್ಸು ಒಪ್ಪಿದ ಸ್ಪರ್ಶ ಹಿತ ಎಂಬುದು ನಿಜ. ನಿಧಾನವಾಗಿ, ಮೃದುವಾಗಿ ಸವರಿದಾಗ ಸ್ಪಂದಿಸುವ ನರತಂತುಗಳೇ ನಮ್ಮ ಚರ್ಮದಲ್ಲಿವೆ. ಆದರೆ ಅದೇ ಸವರುವಿಕೆ ಎಲ್ಲರಿಗೂ ಹಿತವಲ್ಲ. ಆಟಿಸಂ ಇರುವ ಹಲವರಿಗೆ ಹಗುರ ಸ್ಪರ್ಶ ಕಿರಿಕಿರಿ, ಗಟ್ಟಿಯಾದ ಒತ್ತು ಸಮಾಧಾನ. ದೌರ್ಜನ್ಯ ಅನುಭವಿಸಿದವರು ಬೆನ್ನ ಹಿಂದಿನಿಂದ ಚಾಚಿದ ಕೈಗೆ ಬೆಚ್ಚಿಬೀಳಬಹುದು. ದಿನವಿಡೀ ಕೂಸನ್ನು ಎತ್ತಿಕೊಂಡಿದ್ದ ತಾಯಿಗೆ ರಾತ್ರಿ ಮತ್ತೊಂದು ಕೈ ಬೇಡವೆನಿಸಬಹುದು. ಸ್ಪರ್ಶ ಬೇಡವೆನಿಸಲು ಖಿನ್ನತೆಯೂ ಕಾರಣವಾದೀತು.

ಇಂಥ ಸಂದೇಶವನ್ನು ಮುಖಕ್ಕೆ ಹಿಡಿದು ಸಂಗಾತಿಯಿಂದ ಲೆಕ್ಕ ಕೇಳುವುದು ಕ್ರೌರ್ಯ. ಹಾಗೆಂದು ಅಪ್ಪುಗೆಗೆ ಹಂಬಲಿಸುವವರು ನೋವನ್ನು ನುಂಗಿಕೊಂಡೇ ಇರಬೇಕಿಲ್ಲ. ಎಲ್ಲಿ ಮುಟ್ಟಿದರೆ ಸರಿ, ಯಾವಾಗ ಬೇಡ ಎಂದು ಜಗಳವಿಲ್ಲದ ಹೊತ್ತಿನಲ್ಲಿ ಕೇಳಿ. ಭುಜಕ್ಕೆ ಭುಜ ತಾಗಿಸಿ ಕುಳಿತು ಕಾಫಿ ಕುಡಿಯುವುದು ಕೆಲವರಿಗೆ ಅಪ್ಪುಗೆಗಿಂತ ಸಲೀಸು. ಮಾತು ಮುಂದೆ ಸಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಆಪ್ತಸಮಾಲೋಚನೆ ಪಡೆಯಬಹುದು.