ಅಮ್ಮ ಫೋನ್ ಮಾಡೋದಿಲ್ಲ, ಎತ್ತೋದು ಮಾತ್ರ

ಹೋದ ವಾರ ಮೂರು ದಿನ ಅಮ್ಮನಿಗೆ ಫೋನ್ ಹೋಗಲೇ ಇಲ್ಲ. ಈ ನಂಬರಿಗೆ ಒಳಬರುವ ಕರೆಗಳ ಸೌಲಭ್ಯ ಇಲ್ಲ ಅಂತ ಒಬ್ಬಾಕೆ ನಯವಾಗಿ ಹೇಳುತ್ತಲೇ ಇದ್ದಳು. ಜಡಿಮಳೆ, ಹೊಸನಗರದ ಕಡೆಯ ಒಂಟಿ ಮನೆ, ಅಮ್ಮನಿಗೆ 72 ವರ್ಷ. ನನ್ನ ತಲೆಯಲ್ಲಿ ಏನೇನು ಓಡಿರಬೇಡ? ಕೊನೆಗೆ ಗುಡ್ಡದಾಚೆಯ ಮನೆಯ ಹುಡುಗನನ್ನು ಓಡಿಸಿದೆ. ಅವನು ಹೋಗಿ ನೋಡಿದರೆ ಅಮ್ಮ ಒಲೆ ಮುಂದೆ ಹಲಸಿನ ಬೀಜ ಸುಡುತ್ತಾ ಕೂತಿದ್ದಾಳೆ. "ಯಾರೂ ಫೋನ್ ಮಾಡ್ಲಿಲ್ಲ, ಎಲ್ರೂ ಮರೆತೇಬಿಟ್ರು ಅಂದ್ಕೊಂಡೆ" ಅಂದಳಂತೆ.

ಆಗಿದ್ದು ಇಷ್ಟೇ. ರೀಚಾರ್ಜ್‌ನ 28 ದಿನ ಮುಗಿದಿತ್ತು.

28 ದಿನದ ತಿಂಗಳು ಯಾವ ಪಂಚಾಂಗದಲ್ಲಿದೆ ಮಾರಾಯ್ರೇ? ವರ್ಷಕ್ಕೆ 13 ರೀಚಾರ್ಜ್ ಆಗುತ್ತೆ. ಜನ ಗೊಣಗಿ ಗೊಣಗಿ ಸಾಕಾದ ಮೇಲೆ 2022ರಲ್ಲಿ ಫೋನ್ ಕಂಪನಿಗಳ ನಿಯಂತ್ರಣ ಸಂಸ್ಥೆ ಟ್ರಾಯ್, 30 ದಿನದ ಪ್ಯಾಕ್ ಒಂದಾದರೂ ಇಡಿ ಅಂತ ಕಂಪನಿಗಳಿಗೆ ಹೇಳಿತು. ಒಂದಾದರೂ ಅಂತೆ! ಅಂಗಡಿಗೆ ಹೋದರೆ ಈಗಲೂ ಮೊದಲು ಬಾಯಿಗೆ ಬರೋದು 28, 56, 84.

ಅಮ್ಮನದು ಕೀಪ್ಯಾಡ್ ಫೋನ್. ಅಪ್ಪ ಇದ್ದಾಗ ಲೈಫ್‌ಟೈಮ್ ಅಂತ ದುಡ್ಡು ಕಟ್ಟಿ ಹಾಕಿಸಿಕೊಟ್ಟ ಸಿಮ್. ಯಾರ ಲೈಫು, ಎಷ್ಟು ಟೈಮು ಅಂತ ಆಗ ಕೇಳಬೇಕಿತ್ತು. 2003ರಿಂದ ಬರುವ ಕರೆಗೆ ದುಡ್ಡಿಲ್ಲ ಅಂತಾಗಿತ್ತು. 2018ರ ಕೊನೆಗೆ ಬಂತು ನೋಡಿ, 28 ದಿನಕ್ಕೆ 35 ರೂಪಾಯಿ ಹಾಕಿ, ಇಲ್ಲದಿದ್ದರೆ ಬರುವ ಕರೆಯೂ ಬಂದ್. ಆ 35 ಏರುತ್ತಾ ಏರುತ್ತಾ ನಾನು 199 ಹಾಕುವ ಹಾಗಾಯ್ತು. ಅದರಲ್ಲಿ 2 ಜಿಬಿ ಡೇಟಾ ಬೇರೆ. ಆ ಫೋನಿನಲ್ಲಿ ಟಾರ್ಚು ಬಿಟ್ಟರೆ ಇನ್ನೇನೂ ಇಲ್ಲ. ಡೇಟಾ ಏನು ಉಪ್ಪಿನಕಾಯಿ ಹಾಕಬೇಕಾ?

ಇಂಥ ಫೋನ್ ಇಟ್ಟುಕೊಂಡವರು ದೇಶದಲ್ಲಿ ಸುಮಾರು 15 ಕೋಟಿ ಜನ ಅಂತ ಟ್ರಾಯ್ ಲೆಕ್ಕವೇ ಹೇಳಿತ್ತು. ಅದಕ್ಕೇ 2024ರ ಡಿಸೆಂಬರಿನಲ್ಲಿ ಒಂದು ಒಳ್ಳೇ ನಿಯಮ ಬಂತು. ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್‌ಎಂಎಸ್‌ನ ಪ್ಯಾಕ್ ಇರಲೇಬೇಕು, ಅವಧಿ 365 ದಿನದವರೆಗೂ ಇಡಬಹುದು. ನಾನು ಖುಷಿಯಾಗಿ ಅಮ್ಮನಿಗೆ ಹೇಳಿಯೂ ಬಿಟ್ಟೆ. ಆದರೆ ದರ ಎಷ್ಟಿರಬೇಕು ಅನ್ನೋದು ಮಾತ್ರ ಕಂಪನಿಗಳ ಕೈಗೇ. 2025ರ ಜನವರಿಯಲ್ಲಿ ಅವು ಮಾಡಿದ್ದೇನು? ಹಳೇ ಪ್ಯಾಕಿನಿಂದ ಡೇಟಾ ಕಿತ್ತು, ಹೆಚ್ಚುಕಮ್ಮಿ ಅದೇ ದರಕ್ಕೆ ಮುಂದಿಟ್ಟವು. ಬೈಗುಳ ಬಿದ್ದ ಮೇಲೆ ಒಂಚೂರು ಇಳಿಸಿದವು. ಇಳಿಸಿದ ಮೇಲೂ 84 ದಿನಕ್ಕೆ 450ರ ಆಸುಪಾಸು, ವರ್ಷಕ್ಕೆ 1,700ರ ಮೇಲೆ. ತೆಂಗಿನಕಾಯಿಯಲ್ಲಿ ನೀರು ಬೇಡ ಅಂದರೆ ನೀರು ಚೆಲ್ಲಿ ಕಾಯಿಗೆ ಅದೇ ರೇಟು ಹೇಳಿದ ಹಾಗಾಯ್ತು.

ಅದನ್ನೂ ಹುಡುಕಬೇಕು. ಬಸ್‌ಸ್ಟ್ಯಾಂಡಿನ ರೀಚಾರ್ಜ್ ಅಂಗಡಿಯವನಿಗೆ ಫೋನ್ ಮಾಡಿ ಕೇಳಿದೆ. "ಅಂಥದ್ದು ಯಾವುದೂ ಇಲ್ಲ ಸಾರ್, 199 ಹಾಕ್ಲಾ?" ಅಂದ. ಆ್ಯಪ್‌ನಲ್ಲಿ ಕೆಳಗೆ ಎಲ್ಲೋ ಮೂಲೆಯಲ್ಲಿತ್ತು.

ವಾಟ್ಸ್ಯಾಪ್ ಪಂಡಿತರು 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಸಾಕು ಅಂತಾರೆ. ಅದು 2013ರ ನಿಯಮ. ಅದರಿಂದ ನಂಬರ್ ರದ್ದಾಗದೆ ಉಳಿಯುತ್ತೆ, ನಿಜ. ಅಮ್ಮನ ಫೋನಿನಲ್ಲಿ 20ಕ್ಕಿಂತ ಜಾಸ್ತಿಯೇ ಇತ್ತು, ಕರೆ ಬರಲಿಲ್ಲವಲ್ಲ! ಸಿಮ್ಮೇ ಬೇಡ ಅಂತ ಬಿಡೋಣ ಅಂದರೆ ಆಧಾರ್, ಪಿಂಚಣಿ, ಗ್ಯಾಸ್ ಎಲ್ಲದರ ಓಟಿಪಿ ಇದೇ ನಂಬರಿಗೆ.

ದೂರು ಕೊಡೋಣ ಅಂದುಕೊಂಡೆ. ಒಬ್ಬೊಬ್ಬರ ದೂರನ್ನು ಟ್ರಾಯ್ ಬಗೆಹರಿಸೋದಿಲ್ಲ, ಕಂಪನಿಗೇ ಕೊಡಬೇಕು. ಅಲ್ಲಿ ಸಮಾಧಾನ ಆಗದಿದ್ದರೆ ಮೇಲ್ಮನವಿ. ಅದೂ ಅದೇ ಕಂಪನಿಯೊಳಗೆ! ಕಸ್ಟಮರ್ ಕೇರ್‌ನ ಹುಡುಗಿಗೆ ಎಲ್ಲ ವಿವರಿಸಿದೆ. "ನಿಮ್ಮ ತಾಯಿಯವರಿಗೆ ಅನ್‌ಲಿಮಿಟೆಡ್ ಕಾಲ್ಸ್ ಸಿಗ್ತಿದೆಯಲ್ಲಾ ಸಾರ್" ಅಂದಳು. ನಮ್ಮಮ್ಮ ಈ ವರ್ಷ ಎಷ್ಟು ಕರೆ ಮಾಡಿದ್ದಾಳೆ ಗೊತ್ತಾ ತಾಯಿ? ಒಂದೂ ಇಲ್ಲ. ಅವಳಿಗೆ ಹಸಿರು ಗುಂಡಿ ಒತ್ತಿ "ಹಲೋ" ಅನ್ನೋದು ಮಾತ್ರ ಗೊತ್ತು.

ಕೊನೆಗೆ 84 ದಿನದ್ದು ಹಾಕಿಸಿದೆ. ಅಮ್ಮ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿ, ಏಕಾದಶಿಯ ಜೊತೆ ಅದಕ್ಕೂ ಒಂದು ಗುರುತು ಹಾಕಿದ್ದಾಳೆ.