ಹೆಂಡತಿ ಕೂತರೆ ತಣ್ಣಗಿರುವ ಕಾರು

ನಂತೂರು ಸರ್ಕಲ್ಲಿನಲ್ಲಿ ಸಿಕ್ಕಿಬಿದ್ದು ಹದಿನೈದು ನಿಮಿಷ ಆಗಿತ್ತು. ಮುಂದೆ ನಿಂತ ಬಸ್ಸಿನ ಹಿಂಬದಿಯಲ್ಲಿ ಬರೆದದ್ದನ್ನೆಲ್ಲ ಎರಡು ಸಲ ಓದಿ ಮುಗಿಸಿದ್ದೆ. ಬೇರೆ ಓದಲು ಏನೂ ಸಿಗದೆ ಡ್ಯಾಶ್‌ಬೋರ್ಡ್ ಕಡೆ ನೋಡಿದೆ. ಟೆಂಪರೇಚರ್ ಮುಳ್ಳು ಅಂತ ಒಂದು ಉಂಟಲ್ಲ, ಕಾರು ತೆಗೆದುಕೊಂಡ 2009ರಿಂದ ನಡುಗೆರೆ ಬಿಟ್ಟು ಕದಲದ ಸಾಧು ಪ್ರಾಣಿ ಅದು. ಅವತ್ತು ಸದ್ದಿಲ್ಲದೆ ಎದ್ದು ಕೆಂಪು ಗೆರೆಯ ಪಕ್ಕ ಹೋಗಿ ನಿಂತಿತ್ತು.

ಜೂನ್ ತಿಂಗಳು. ಆಗಷ್ಟೇ ಒಂದು ಜಡಿಮಳೆ ಹೊಡೆದು ಬಿಟ್ಟಿತ್ತು. ರಸ್ತೆ ತುಂಬ ನೀರು. ಇಡೀ ಮಂಗಳೂರಿನಲ್ಲಿ ನೀರಿಲ್ಲದೆ ಒದ್ದಾಡುತ್ತಿದ್ದ ಜಾಗ ಒಂದೇ, ನನ್ನ ಬಾನೆಟ್ಟಿನ ಒಳಗೆ.

ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದೆ. ಹಬೆ ಬಂತು. ಜತೆಗೆ ಒಂದು ಸಿಹಿ ವಾಸನೆ, ಬೆಲ್ಲದ ಪಾಕ ಸ್ವಲ್ಪ ತಳ ಹಿಡಿದ ಹಾಗೆ. ಎಂಜಿನ್ನನ್ನು ತಣಿಸುವ ದ್ರವ, ಕೂಲೆಂಟ್, ಕುದಿದರೆ ಹಾಗೇ ಬರುವುದು, ಅದರಲ್ಲಿರುವ ಗ್ಲೈಕಾಲಿನ ವಾಸನೆ. ಆಗ ಅದೆಲ್ಲ ಗೊತ್ತಿರಲಿಲ್ಲ. ಹತ್ತಿರದ ಯಾವುದೋ ಮನೆಯಲ್ಲಿ ಪಾಯಸ ಅಂದುಕೊಂಡೆ. ಮುಕ್ಕಾಲು ಗಂಟೆ ಕಾದೆ. ಪಂಪ್‌ವೆಲ್ ಫ್ಲೈಓವರ್ ಮುಗಿಯಲಿ ಅಂತ ಹತ್ತಿರಹತ್ತಿರ ಹತ್ತು ವರ್ಷ ಕಾದು 2020ರ ಜನವರಿಯಲ್ಲಿ ಅದರ ಮೇಲೆ ಕಾರು ಓಡಿಸಿದ ಊರು ನಮ್ಮದು. ಮುಕ್ಕಾಲು ಗಂಟೆ ಎಂತ ದೊಡ್ಡದು?

ಮರುದಿನ ಭಾನುವಾರ. ಹೆಂಡತಿಯ ತವರು ಕಟಪಾಡಿಗೆ ಹೋಗುವುದಿತ್ತು. ಹೆದರಿ ಹೆದರಿ ಹೊರಟೆ. ಮುಳ್ಳು ನಡುಗೆರೆಯಲ್ಲಿ ಕೈಕಟ್ಟಿ ಕೂತಿತ್ತು. ಕೂಳೂರು ಸೇತುವೆಯಲ್ಲೂ ಕದಲಲಿಲ್ಲ, ಪಡುಬಿದ್ರಿಯಲ್ಲೂ ಕದಲಲಿಲ್ಲ.

"ಎಲ್ಲಿ ನಿಮ್ಮ ಬಿಸಿ?" ಅಂದಳು ಹೆಂಡತಿ.

"ಹೈವೇಯಲ್ಲಿ ಎದುರುಗಾಳಿ ಹೊಡೀತದೆ. ರೇಡಿಯೇಟರ್ ತಾನಾಗಿ ತಣಿಯುತ್ತದೆ" ಅಂದೆ. ಇದು ನಿಜವೇ. ಆದರೆ ಮುಂದಿನ ಶನಿವಾರ ಇಬ್ಬರೂ ಹಂಪನಕಟ್ಟೆಗೆ ಹೋದೆವು. ಪಾರ್ಕಿಂಗ್ ಹುಡುಕುತ್ತಾ ಒಂದು ಗಂಟೆ ಆಮೆಯ ಹಾಗೆ ತೆವಳಿದೆವು. ಎದುರುಗಾಳಿ ಬಿಡಿ, ಎದುರು ಬರುವವರ ಉಸಿರೂ ತಾಗುವಂತಿರಲಿಲ್ಲ. ಮುಳ್ಳು ಕದಲಲಿಲ್ಲ. ಅವಳು ಕೇಳಿದ್ದು ಬೇರೆಯದನ್ನು: "ಎ.ಸಿ. ಒಳಗೆ ಎಂಥದೋ ಟಕ್ ಟಕ್ ಅಂತದಲ್ಲ?" ಹಳೇ ಕಾರು, ಅಷ್ಟೆಲ್ಲ ಇರ್ತದೆ ಅಂದುಬಿಟ್ಟೆ. ಸೋಮವಾರ ಕಾಲೇಜಿಗೆ ಒಬ್ಬನೇ ಹೊರಟೆ. ಕೊಟ್ಟಾರ ಚೌಕಿಯಲ್ಲಿ ಮತ್ತೆ ಪಾಯಸ.

ನಾನು ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುವವ. ತಾಳೆಯಾಗದ ಲೆಕ್ಕ ಕಂಡರೆ ನಿದ್ದೆ ಬರುವುದಿಲ್ಲ. ನಮ್ಮ ಅವಿಭಜಿತ ಜಿಲ್ಲೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ನೆಲ. ಹಾಗಾಗಿ ಪ್ರತಿ ಓಣಿಗೆ ಕಡಿಮೆಯೆಂದರೂ ಒಬ್ಬ ರಿಟೈರ್ಡ್ ಮ್ಯಾನೇಜರ್ ಇರುತ್ತಾರೆ. ನಮ್ಮ ಪಕ್ಕದ ಮನೆಯಲ್ಲೂ ಒಬ್ಬರು ಮ್ಯಾನೇಜರ್ ಮಾಮ. ಗೇಟಿನ ಹತ್ತಿರ ಬಾನೆಟ್ ಎತ್ತುವುದೇ ತಡ, ಬೈರಾಸು ಹೆಗಲ ಮೇಲೆ ಹಾಕಿಕೊಂಡು ಬಂದರು.

"ಬಿಸಿಯಾದ ಕೂಡಲೇ ಎ.ಸಿ. ಬಂದ್ ಮಾಡಬೇಕು ಮಾರಾಯಾ. ಎಂಜಿನ್ನಿಗೆ ಭಾರ ಅದು."

"ನಾನು ಹಾಕುವುದೇ ಇಲ್ಲ ಮಾಮ" ಅಂದೆ, ಹೆಮ್ಮೆಯಿಂದ, ಆದರೆ ಮೆಲ್ಲಗೆ. ಅಡುಗೆಮನೆಯ ಕಿಟಕಿ ತೆರೆದಿತ್ತು.

ಮಾಮ ಬೈರಾಸನ್ನು ಕೈಗೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು. ಕಿಟಕಿಯಿಂದ ಹೆಂಡತಿಯ ಸ್ವರ ಬಂತು: "ಮಾಮ, ವಿಸಿಲ್ ಇಳಿಯುವ ಮೊದಲೇ ಕುಕ್ಕರ್ ತೆಗೀತೀರಾ ನೀವು?" ಮಾಮನ ಕೈ ಹಿಂದೆ ಬಂತು. ಅವಳು ಸುಮ್ನೆ ಹೇಳಿದ ಮಾತು ಎಷ್ಟು ಸರಿ ಅಂತ ಆಮೇಲೆ ತಿಳಿಯಿತು. ಆ ಮುಚ್ಚಳದ ಮೇಲೆ 0.9 ಅಂತ ಅಚ್ಚೊತ್ತಿದೆ. ಅಷ್ಟು ಬಾರ್ ಒತ್ತಡ ಬರುವವರೆಗೆ ಅದು ಒಳಗಿನದನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 118 ಡಿಗ್ರಿಯ ಹತ್ತಿರ ಬರುವತನಕ ಕುದಿಯುವುದಿಲ್ಲ. ಮುಚ್ಚಳ ತಿರುಗಿಸಿದಿರೋ, ಒತ್ತಡ ಹೋಗುತ್ತದೆ, ಅಷ್ಟೂ ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ. ಮಾಮನಿಗೆ ಪಿಂಚಣಿ ಇನ್ನೂ ಬರುತ್ತಿರುವುದು ನನ್ನ ಹೆಂಡತಿಯ ದಯೆ.

ಬೆಳಿಗ್ಗೆ ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೋಡಿದೆ. ಅಲ್ಲಿಂದ ನನ್ನ ತಲೆ ಕೆಟ್ಟದ್ದು. ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಸಿರು ಕೂಲೆಂಟ್ ಫುಲ್ ಗೆರೆಗೆ ಸರಿಯಾಗಿ ನಿಂತಿದೆ. ರೇಡಿಯೇಟರ್ ಖಾಲಿ. ಮುಕ್ಕಾಲು ಲೀಟರ್ ಕುಡಿಯಿತು. ನೆಲದಲ್ಲಿ ಒಂದು ಹನಿ ಇಲ್ಲ. ಪಾಸ್‌ಬುಕ್ಕಿನಲ್ಲಿ ದುಡ್ಡುಂಟು, ಕೌಂಟರಿಗೆ ಹೋದರೆ ಇಲ್ಲ! ಮಾಮನಿಗೆ ಹೇಳಿದೆ. ಅವರ ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಇಂಥ ಕೇಸು ಒಂದೇ ಒಂದು ಬಂದಿತ್ತಂತೆ, ಕ್ಯಾಶಿಯರ್ ಸಸ್ಪೆಂಡ್ ಆದನಂತೆ.

ಮೊದಲ ಗ್ಯಾರೇಜಿನವರು ನನ್ನ ಮಾತು ಪೂರ್ತಿ ಕೇಳಲಿಲ್ಲ. "ಥರ್ಮೋಸ್ಟಾಟ್ ವಾಲ್ವ್" ಅಂದರು, ಹೊಸದು ಹಾಕಿದರು, ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟರು, ಆಪರೇಷನ್ ಮಾಡಿ ತೆಗೆದ ಕಲ್ಲನ್ನು ಕೊಡುವ ಹಾಗೆ. ಮೂರನೇ ದಿನ ಕೊಟ್ಟಾರ ಚೌಕಿಯಲ್ಲಿ ಮತ್ತೆ ಪಾಯಸ. ಹಾಗಾದರೆ ಹಳೆಯದು ಕೆಟ್ಟಿತ್ತೋ ಇಲ್ಲವೋ? ನೋಡೇ ಬಿಡುವ ಅಂತ ಹೆಂಡತಿ ಇಲ್ಲದ ಹೊತ್ತು ಒಂದು ಪಾತ್ರೆಯಲ್ಲಿ ನೀರಿಟ್ಟು, ವಾಲ್ವಿಗೆ ದಾರ ಕಟ್ಟಿ ಇಳಿಬಿಟ್ಟೆ. ಅಂಚಿನಲ್ಲಿ 82 ಅಂತ ಕೊರೆದಿತ್ತು. ಅಂದರೆ 82 ಡಿಗ್ರಿಗೆ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡಬೇಕು. ಅದರ ಹೊಟ್ಟೆಯೊಳಗೆ ಒಂದು ಬಗೆಯ ಮೇಣ. ಬಿಸಿಗೆ ಅದು ಕರಗಿ ಹಿಗ್ಗಿ ಕಡ್ಡಿಯನ್ನು ತಳ್ಳುತ್ತದೆ. ಪಾತ್ರೆಯ ತಳದಲ್ಲಿ ಸಾಸಿವೆಯಂಥ ಗುಳ್ಳೆ ಏಳತೊಡಗಿತು. ಸ್ವಲ್ಪ ಹೊತ್ತಿಗೆ ಹಿತ್ತಾಳೆಯ ಬಿಲ್ಲೆ ನಿಧಾನಕ್ಕೆ, ನಿದ್ದೆಯಿಂದ ಎದ್ದು ಬಾಯಿ ಬಿಟ್ಟ ಮುದುಕನ ಹಾಗೆ, ತೆರೆದುಕೊಂಡಿತು. ಗ್ಯಾಸ್ ಆರಿಸಿದೆ. ಮುಚ್ಚಿಕೊಂಡಿತು. ಹಚ್ಚಿದೆ. ತೆರೆಯಿತು. ಎಷ್ಟು ಚಂದ ಕೆಲಸ ಮಾಡುತ್ತಿತ್ತು ಪಾಪ.

"ಎಂತ ಬೇಯಿಸುವುದು?"

ಹಿಂದೆ ಹೆಂಡತಿ. ಪಾತ್ರೆ ಸಾರಿನದಂತೆ. ಅದು ಈಗ ಹೊರಗೆ ನಳ್ಳಿಯ ಹತ್ತಿರ ಉಂಟು. ವಾಲ್ವನ್ನು ನಾನು ಮೇಜಿನ ಮೇಲೆ ಪೇಪರ್ ಹಾರದಂತೆ ಇಟ್ಟುಕೊಂಡಿದ್ದೇನೆ.

ಎರಡನೇ ಸಲಹೆ ಸ್ಟಾಫ್ ರೂಮಿನದು. ಮುಳ್ಳು ಏರಿದರೆ ಹೀಟರ್ ಹಾಕಬೇಕಂತೆ. ಹೀಟರ್ ಅಂದರೆ ಅದೂ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನು ಎಳೆದು ಕಾರಿನ ಒಳಗೆ ಊದುತ್ತದೆ. ತತ್ವ ಸರಿ, ಒಪ್ಪಿದೆ. ಆದರೆ ಮಂಗಳೂರಿನಲ್ಲಿ ಕಾರಿನ ಹೀಟರ್ ಹಾಕಿದವರನ್ನು ಯಾರಾದರೂ ಕಂಡದ್ದುಂಟಾ? ಮಳೆ ಬಿಟ್ಟ ಮಧ್ಯಾಹ್ನ, ನಂತೂರಿನಲ್ಲಿ, ಪೂರ್ತಿ ತಿರುಗಿಸಿದೆ. ಎರಡು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟಿತು. ಐದನೇ ನಿಮಿಷಕ್ಕೆ ಕನ್ನಡಕ ಮೂಗಿನಿಂದ ಜಾರಿ ಮಡಿಲಿಗೆ ಬಿತ್ತು. ಗಾಜು ಇಳಿಸಿ, ಬೈರಾಸಿನಿಂದ ಕುತ್ತಿಗೆ ಒರೆಸುತ್ತಾ, ಬೆಂದ ಸಿಗಡಿಯ ಬಣ್ಣದಲ್ಲಿ ಕೂತಿದ್ದ ನನ್ನನ್ನು ನೋಡಿ ಟ್ರಾಫಿಕ್ ಪೊಲೀಸ್ ಹತ್ತಿರ ಬಂದರು. "ಎದೆನೋವಾ ಸರ್?" ಇಲ್ಲ, ಕೂಲೆಂಟ್ ಅಂದೆ. ಮುಳ್ಳೇನೋ ಎರಡು ಗೆರೆ ಇಳಿಯಿತು. ನಾನು ಎರಡು ಕಿಲೋ ಇಳಿದಿರಬೇಕು.

ಇನ್ನೊಂದು ಗ್ಯಾರೇಜು. ಇದು ಗಾಜಿನ ಬಾಗಿಲಿನದು, ಕೂತರೆ ಕಾಫಿ ಕೊಡುತ್ತಾರೆ. ಕಾಫಿ ಕೊಡುವ ಗ್ಯಾರೇಜಿಗೆ ಹೆದರಬೇಕು. ಅಲ್ಲಿನ ಹುಡುಗ ಮುಚ್ಚಳದ ಜಾಗಕ್ಕೆ ಸೈಕಲ್ ಪಂಪಿನಂಥದ್ದು ಸಿಕ್ಕಿಸಿ ಒತ್ತಡ ಕೊಟ್ಟ. ಮೀಟರ್ ಹತ್ತು ನಿಮಿಷ ಅಲುಗಲಿಲ್ಲ. "ಹೊರಗೆ ಲೀಕ್ ಇಲ್ಲ ಸರ್. ಹಾಗಾದ್ರೆ ಒಳಗೆ." ಎಂಜಿನ್ ಆಯಿಲಿನ ಮುಚ್ಚಳ ಬಿಚ್ಚಿ ತೋರಿಸಿದ. ಅಡಿಯಲ್ಲಿ ಬೆಣ್ಣೆಯಂಥ ಬಿಳಿ ಪಸೆ. "ಹೆಡ್ ಗ್ಯಾಸ್ಕೆಟ್" ಅಂದ, ಸ್ವರ ತಗ್ಗಿಸಿ. ಎಂಜಿನ್ನಿನ ಒಳಗೆ ಕೂಲೆಂಟೂ ಆಯಿಲೂ ಬೆರೆಯದಂತೆ ತಡೆಯುವ ಪದರವಂತೆ ಅದು. ಎಸ್ಟಿಮೇಟ್ ಕೈಗಿತ್ತ: 28,000 ರೂಪಾಯಿ. ಮೇಲೆ ಜಿಎಸ್‌ಟಿ. ಕಾಫಿ ಗಂಟಲಲ್ಲೇ ನಿಂತಿತು.

ಯೋಚಿಸಿ ಹೇಳ್ತೇನೆ ಅಂತ ಎದ್ದು ಬಂದೆ. ಅವತ್ತೇ ಒಂದು ನೋಟ್‌ಬುಕ್ ತೆಗೆದು ಗೆರೆ ಎಳೆದೆ. ತಾರೀಕು, ದಾರಿ, ಮಳೆ, ಜತೆಗೆ ಯಾರು, ಬಿಸಿಯಾಯಿತೋ ಇಲ್ಲವೋ, ಮರುದಿನ ಎಷ್ಟು ಕುಡಿಯಿತು. ಮೂರು ವಾರ ಬರೆದೆ. ಒಬ್ಬನೇ ಹೋದ 13 ದಿನಗಳಲ್ಲಿ 8 ದಿನ ಬಿಸಿ. ಹೆಂಡತಿ ಜತೆಗಿದ್ದ 5 ದಿನಗಳಲ್ಲಿ ಒಮ್ಮೆಯೂ ಇಲ್ಲ. ಲೆಕ್ಕ ಅಲ್ಲಿಗೆ ನಿಂತಿತು. ಇದನ್ನು ಯಾರ ಹತ್ತಿರ ಹೇಳುವುದು? ಮ್ಯಾನೇಜರ್ ಮಾಮನಿಗೆ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿ, ನನಗೂ ಹಾಗೇ ಮಾರಾಯಾ, ನನ್ನವಳು ಕೂತರೆ ನಾನೇ ತಣ್ಣಗಾಗುತ್ತೇನೆ ಅಂದರು.

ಕೊನೆಗೆ ಯಾರೋ ಬಂದರಿನ ಓಣಿಯ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಎಲ್ಲರೂ ಕಾಕ ಅನ್ನುತ್ತಾರೆ. ಹೆಂಡತಿಯೂ ಬಂದಳು. ಜುಲೈ ಕೊನೆ. ಮೀನು ಹಿಡಿಯುವ ಯಾಂತ್ರಿಕ ಬೋಟುಗಳಿಗೆ 31ರವರೆಗೆ ಮಳೆಗಾಲದ ರಜೆ, ಆದರೂ ನಾಡದೋಣಿಯವರು ಏನಾದರೂ ತಂದಿರಬಹುದೆಂಬ ಆಸೆ ಅವಳಿಗೆ. ಕಾಕ ಕಾರನ್ನು ಮುಟ್ಟಲಿಲ್ಲ. ಸ್ಟೂಲ್ ಮೇಲೆ ಕೂತು ನನ್ನ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. ಜೀವನದಲ್ಲಿ ನನ್ನ ಬರವಣಿಗೆಯನ್ನು ಇಷ್ಟು ಆಸಕ್ತಿಯಿಂದ ಓದಿದ ಮನುಷ್ಯ ಅವರೊಬ್ಬರೇ.

"ಮೇಡಂ ಇದ್ದರೆ ಎ.ಸಿ. ಹಾಕ್ತೀರಿ, ಅಲ್ವಾ ಮಾಷ್ಟ್ರೇ?"

"ಹಾಕ್ತೇನೆ."

"ಒಬ್ಬರೇ ಇದ್ದರೆ?"

ಗ್ಯಾರೇಜಿನಲ್ಲಿ ಸದ್ದಿಲ್ಲ. ಹೊರಗೆ ಒಂದು ಕಾಗೆ ಮಾತ್ರ ಕೂಗಿತು.

"ಜೋರು ಮಳೆಗೆ ಗಾಜು ಮಬ್ಬಾದ್ರೆ ಹಾಕ್ತೇನೆ" ಅಂದೆ. "ಸ್ವಲ್ಪ ಮಬ್ಬಾದ್ರೆ ಬೈರಾಸಿನಲ್ಲಿ ಒರೆಸ್ತೇನೆ."

"ಲೀಟರಿಗೆ 18 ಬರ್ತದೆ, ಎಲ್ಲ ಕಾಲಿನ ಕಂಟ್ರೋಲ್ ಅಂತ ನನ್ನ ಅಣ್ಣನ ಹತ್ತಿರ ಹೇಳಿದ್ದು ಇದನ್ನಾ?" ಅಂದಳು ಹೆಂಡತಿ.

ಕಾಕನಿಗೆ ಅಷ್ಟೇ ಸಾಕಿತ್ತು. ರೇಡಿಯೇಟರ್ ಹಿಂದಿನ ಫ್ಯಾನಿಗೆ ಇಬ್ಬರು ಯಜಮಾನರು. ಕೂಲೆಂಟ್ 95 ಡಿಗ್ರಿಯ ಆಸುಪಾಸಿಗೆ ಬಂದರೆ ಒಂದು ಸ್ವಿಚ್ ಅದನ್ನು ಎಬ್ಬಿಸುತ್ತದೆ. ಎ.ಸಿ. ಹಾಕಿದರೆ ಇನ್ನೊಂದು ವಯರಿನಿಂದ ನೇರ ಅಪ್ಪಣೆ ಬರುತ್ತದೆ. ಮೊದಲನೆಯ ಯಜಮಾನನ ಮಾತು ಫ್ಯಾನಿಗೆ ಕೇಳಿಸುತ್ತಿಲ್ಲ. ಅಂದರೆ ಊರೆಲ್ಲ "ಬಂದ್ ಮಾಡು" ಅನ್ನುತ್ತಿದ್ದ ಎ.ಸಿ.ಯೇ ಇಷ್ಟು ದಿನ ಎಂಜಿನ್ನನ್ನು ಕಾಪಾಡುತ್ತಿತ್ತು.

ಎ.ಸಿ. ಇಲ್ಲದೆ ಎಂಜಿನ್ ಚಾಲೂ ಬಿಟ್ಟು ಕಾದೆವು. ಇಪ್ಪತ್ತು ನಿಮಿಷ. ಮುಳ್ಳು ನಡುಗೆರೆ ದಾಟಿತು. ಫ್ಯಾನ್ ಮಲಗಿತ್ತು. ಕಾಕ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಕೆಳಗಿನ ಒಂದು ವಯರನ್ನು ಮೆಲ್ಲಗೆ ತಟ್ಟಿದರು. ಬರ್ರೋ ಅಂತ ಫ್ಯಾನ್ ಎದ್ದಿತು. ಬಗ್ಗಿ ನೋಡುತ್ತಿದ್ದ ನಾನು ಹಾರಿ ಬಿದ್ದು ಬಾನೆಟ್ಟಿಗೆ ತಲೆ ಹೊಡೆದುಕೊಂಡೆ. ಟಾರ್ಚ್ ಬಿಟ್ಟು ತೋರಿಸಿದರು. ಕಪ್ಪು ಸಿಪ್ಪೆ ಕಿತ್ತುಹೋಗಿ, ತಾಮ್ರದ ನಾಲ್ಕೈದು ಎಳೆ ಕೂದಲಿನ ಹಾಗೆ ನಿಂತಿತ್ತು. ಗುಂಡಿಗೆ ಇಳಿದಾಗ ತಾಗುತ್ತದೆ, ಹತ್ತಿದಾಗ ಬಿಡುತ್ತದೆ. ಸಿಪ್ಪೆಯ ಅಂಚಿನಲ್ಲಿ ಎರಡೆರಡು ಸಣ್ಣ ಗೀರು.

"ಇಲಿ" ಅಂದರು ಕಾಕ. "ಮಳೆ ಶುರುವಾದ್ರೆ ಅದಕ್ಕೂ ಬೆಚ್ಚಗೆ ಜಾಗ ಬೇಕಲ್ವಾ."

ಅದೇ ಇಲಿ ಇನ್ನೊಂದು ಕೆಲಸವನ್ನೂ ಮಾಡಿತ್ತು. ರೇಡಿಯೇಟರ್ ಬಾಯಿಯಿಂದ ಬಾಟಲಿಗೆ ಹೋಗುವ ಪೆನ್ಸಿಲ್ ದಪ್ಪದ ರಬ್ಬರ್ ಪೈಪಿನ ಅಡಿಭಾಗದಲ್ಲಿ ಒಂದು ತೂತು. ಬಿಸಿಯಾಗಿ ಉಕ್ಕಿದ ಕೂಲೆಂಟ್ ಬಾಟಲಿಗೆ ಮುಟ್ಟುವ ಮೊದಲೇ ಅಲ್ಲಿ ಸೋರಿ, ದಾರಿಯಲ್ಲೇ ಚೆಲ್ಲಿ, ಬಿಸಿ ಕಬ್ಬಿಣದ ಮೇಲೆ ಆವಿಯಾಗುತ್ತಿತ್ತು. ತಣಿದ ಮೇಲೆ ರೇಡಿಯೇಟರ್ ಬಾಟಲಿಯಿಂದ ವಾಪಸ್ ಹೀರಬೇಕು. ಹೀರಿದರೆ ತೂತಿನಿಂದ ಬರೀ ಗಾಳಿ. ಬಾಟಲಿ ತುಂಬಿದ್ದು ತುಂಬಿದ ಹಾಗೇ. ಆ ಹುಡುಗನ ಪಂಪು ಕೂತದ್ದು ಮುಚ್ಚಳದ ಜಾಗದಲ್ಲಿ, ಪೈಪು ಇರುವುದು ಅದರ ಆಚೆ. ಸಿಗುವುದಾದರೂ ಹೇಗೆ? ಬೆಣ್ಣೆಯ ಬಗ್ಗೆ ಕೇಳಿದೆ. ಕಾಕ ಆಯಿಲ್ ಕಡ್ಡಿ ಎಳೆದು ತೋರಿಸಿದರು. ಬಿಳಿಯ ಸುಳಿವೇ ಇಲ್ಲ. ಮಳೆಗಾಲದಲ್ಲಿ ಸಣ್ಣ ಸಣ್ಣ ಓಡಾಟ ಮಾಡಿದರೆ ಹಬೆ ಮುಚ್ಚಳದಲ್ಲೇ ಕೂತು ಹಾಗಾಗುತ್ತದಂತೆ. 28,000 ರೂಪಾಯಿಯ ಬೆಣ್ಣೆಯನ್ನು ಕಾಕ ಬಟ್ಟೆಯಲ್ಲಿ ಒರೆಸಿ ಬಿಸಾಡಿದರು.

ವಯರು, ಪೈಪು, ಒಂದು ಲೀಟರ್ ಕೂಲೆಂಟ್, ಕೂಲಿ ಎಲ್ಲ ಸೇರಿ 650.

ಬ್ಯಾಟರಿ ಸರಿಸುವಾಗ ಹೆಂಡತಿ "ಅಯ್ಯೋ" ಅಂದಳು. ಬ್ಯಾಟರಿಯ ಸಂದಿಯಲ್ಲಿ ತೆಂಗಿನ ನಾರಿನ ಗೂಡು. ಅದರಲ್ಲಿ ಸಾಲಾಗಿ ಹಲಸಿನ ಬೀಜ. ಮೇಲೆ ಕೆಮ್ಮಣ್ಣು ಹಾಗೇ ಅಂಟಿಕೊಂಡಿತ್ತು. ಮಳೆಗಾಲದ ಆಟಿ ತಿಂಗಳಿಗೆ ಅಂತ ಅವಳು ಮಣ್ಣು ಹಚ್ಚಿ ಅಟ್ಟದಲ್ಲಿ ಇಟ್ಟದ್ದು. ಒಂದು ತಿಂಗಳಿನಿಂದ ಅದನ್ನು ಸುಟ್ಟು ತಿಂದವ ಅಂತ ಮನೆಯಲ್ಲಿ ನನ್ನ ಮೇಲೆ ಕೇಸು ನಡೆಯುತ್ತಿತ್ತು. ನಾನು ತಿಂದದ್ದು ನಾಲ್ಕೇ.

"ಎಣಿಸಿ" ಅಂದಳು. 11 ಇತ್ತು. ಅವಳು ಇಟ್ಟದ್ದು 40.

ವಾಪಸ್ ಬರುವಾಗ ಎ.ಸಿ.ಯನ್ನು ಅವಳೇ ಹಾಕಿದಳು. ಒಂದಕ್ಕೆ ಇಟ್ಟಾಗ ತಣ್ಣಗೆ ಗಾಳಿ ಬಂತು. ಎರಡಕ್ಕೆ ತಿರುಗಿಸಿದಳು. ಡ್ಯಾಶ್‌ಬೋರ್ಡಿನ ಒಳಗೆಲ್ಲೋ ಟಕ್ ಅಂತು. ನನ್ನ ಮುಖ ನೋಡಿ ಮೂರಕ್ಕೆ ತಿರುಗಿಸಿದಳು. ಟಕ ಟಕ ಟಕ ಟಕ. ಲೇಡಿಹಿಲ್ ಹತ್ತಿರ ಕಾರು ಪಕ್ಕಕ್ಕೆ ಹಾಕಿ ನೋಟ್‌ಬುಕ್ ತೆರೆದೆ.